ಲ್ಯಾಕ್ಸ್‌ಟನ್ನಿನ ಮೂರು ಹೊಲಗಳು

ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಕ್ಸ್‌ಟನ್ ಎಂಬ ಹಳ್ಳಿಯನ್ನು ನಾನು ಮೊದಲು ನೋಡಿದ್ದು 1990ರ ದಶಕದಲ್ಲಿ, ನ್ಯೂವಾರ್ಕ್ ಪೇಟೆಯಲ್ಲಿ ಕೆಲಸಕ್ಕಿದ್ದಾಗ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಬಯಲು ಹೊಲಗಳಿಗೆ ಬೇಲಿ ಬಿದ್ದು ಅವು ಒಬ್ಬೊಬ್ಬರ ಪಾಲಾದವು. ಇಲ್ಲಿ ಹಾಗಾಗಲಿಲ್ಲ. ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಹೊಲಗಳು ಬೇಲಿಯಿಲ್ಲದೆ ಉಳಿದವು. ರೈತರ ಜಮೀನಿನ ಪಟ್ಟಿಗಳು ಈ ಮೂರರಲ್ಲೂ ಹಂಚಿಹೋಗಿವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು.

ಒಂದು ನವೆಂಬರ್ ಕೊನೆಯಲ್ಲಿ ಜೂರಿ ದಿನ ನೋಡಲು ಹೋದೆ. ರೈತರೇ ಜೂರಿ. ಗೋಧಿ ಬಿತ್ತಿದ ಹೊಲವನ್ನು ಸುತ್ತುತ್ತ, ದಾರಿಯನ್ನೋ 'ಸೈಕ್' ಎಂಬ ಹುಲ್ಲುಗಾವಲನ್ನೋ ಯಾರಾದರೂ ಒತ್ತಿ ಉತ್ತಿದ್ದಾರೆಯೇ ಎಂದು ನೋಡಿ, ಗಡಿಗೆ ಮರದ ಗೂಟ ಹೊಡೆಯುತ್ತಿದ್ದರು. ಬದು ಒತ್ತಿದ ಜಗಳ ಕೋರ್ಟು ಹತ್ತಿ ವರ್ಷಗಟ್ಟಲೆ ಎಳೆಯುವುದನ್ನು ನಮ್ಮೂರಲ್ಲಿ ಕಂಡವನು ನಾನು. ನೆರೆಯವನ ತಪ್ಪನ್ನು ಅವನೆದುರೇ ಹೇಳಿ, ಮಧ್ಯಾಹ್ನ ಜೊತೆಯಲ್ಲೇ ಊಟಕ್ಕೆ ಕೂರುವ ಈ ಜನರ ಮೇಲೆ ಗೌರವ ಹುಟ್ಟಿತು. ವಾರದ ನಂತರ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ಊರ ನ್ಯಾಯಸಭೆ ಸೇರಿ ದಂಡ ಹಾಕುತ್ತದೆ. ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು 1977ರ ಕಾಯ್ದೆ ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದು ಉಳಿಯಿತು.

ಪದ್ಧತಿ ಉಳಿದರೂ ಊರು ನಿಂತಲ್ಲೇ ನಿಂತಿರಲಿಲ್ಲ. 1635ರ ಮಾರ್ಕ್ ಪಿಯರ್ಸ್ ನಕ್ಷೆಯಲ್ಲಿ ಕಾಣುವ ಸಣ್ಣ ಸಣ್ಣ ಪಟ್ಟಿಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೂಡಿಸಿ ಅಗಲ ಮಾಡಿದ್ದರು. ಜಮೀನು ಅರ್ಲ್ ಮ್ಯಾನ್ವರ್ಸ್‌ರಿಂದ 1952ರಲ್ಲಿ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮತ್ತೆ ಹಳೆಯ ಮನೆತನದ ಥೋರ್ಸ್‌ಬಿ ಎಸ್ಟೇಟಿಗೆ ಹೋಯಿತು. ನನ್ನ ಕಣ್ಣೆದುರು ಆದ ಬದಲಾವಣೆ ಬೇರೆ. ಹತ್ತಿರದ ಆಲರ್ಟನ್ ಕಲ್ಲಿದ್ದಲು ಗಣಿ 1994ರಲ್ಲಿ ಮುಚ್ಚಿ ಸುತ್ತಲಿನ ದುಡಿಮೆಯ ಚಹರೆಯೇ ಬದಲಾಯಿತು. ಟ್ರ್ಯಾಕ್ಟರುಗಳು ದೊಡ್ಡದಾದಂತೆ ಉಳುವ ಕೈಗಳು ಕಡಿಮೆಯಾದವು. ಬೀದಿಬದಿಯ ರೈತರ ಮನೆಗಳಿಗೆ ಪೇಟೆಯಲ್ಲಿ ದುಡಿಯುವವರು ಬಂದರು.

ಒಡೆಯರು ಬದಲಾದಾಗಲೂ ಈ ಹೊಲಗಳು ಉಳಿದದ್ದು, ಉಳುವವರೇ ಕೂತು ತೀರ್ಮಾನ ಮಾಡುತ್ತಿದ್ದುದರಿಂದ. ಈಗ ಅವರ ಸಂಖ್ಯೆಯೇ ಕುಗ್ಗುತ್ತಿದೆ. ನಕ್ಷೆ, ಕಾಯ್ದೆ, ಪ್ರವಾಸಿಗರ ಮೆಚ್ಚುಗೆ ಇಷ್ಟರಿಂದಲೇ ಲ್ಯಾಕ್ಸ್‌ಟನ್ ಉಳಿಯದು. ಸಣ್ಣ ಹಿಡುವಳಿಯಲ್ಲಿ ಬದುಕು ಕಟ್ಟಿಕೊಳ್ಳಬಲ್ಲ ಎಳೆಯ ರೈತರಿಗೆ ಅಲ್ಲಿ ಗೇಣಿಗೆ ನೆಲ ಸಿಗಬೇಕು.