ಒಂದು ಟೈಲ್ಸಿನ ಲೆಕ್ಕ

ನಮ್ಮ ಮನೆ ದಾವಣಗೆರೆಯ ಆಜಾದ್ ನಗರದಲ್ಲಿದೆ. ಹಾಲ್‌ನಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಟೈಲ್ಸ್ ಒಡೆದು ಎರಡು ತಿಂಗಳಾಗಿತ್ತು. ಗ್ಯಾಸ್ ಸಿಲಿಂಡರ್ ಇಳಿಸಿದಾಗ ಅದರ ಮೂಲೆ ಬಿರುಕು ಬಿಟ್ಟಿತ್ತು. ಆಮೇಲೆ ಓಡಾಡಿದಂತೆಲ್ಲ ಚೂರುಗಳು ಎದ್ದು ಬಂದವು.

ಒಡೆದ ಟೈಲ್ಸ್ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ ತಾನೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ದಾದಿ ಇದ್ದಾರೆ. ಅವರಿಗೆ ಹದಿನೈದು ವರ್ಷದಿಂದ ಶುಗರ್. ಪಾದಗಳಿಗೆ ಏನು ತಾಗಿದರೂ ಸರಿಯಾಗಿ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಅವರು ವುಜೂ ಮಾಡಿ ಬಂದು ಫಜರ್ ನಮಾಜಿಗೆ ನಿಂತಿದ್ದರು. ಜಾನಮಾಜಿನ ಮೇಲೆ ರಕ್ತದ ಕಲೆ ಕಂಡು ಅಮ್ಮಿ ಗಾಬರಿಯಾದರು. ದಾದಿಗೆ ಗೊತ್ತೇ ಆಗಿರಲಿಲ್ಲ. ಸಣ್ಣ ಗಾಯ ಮಾಯಲು ಮೂರು ವಾರ ಹಿಡಿಯಿತು. ಇನ್ನೊಮ್ಮೆ ಹೀಗಾಗಬಾರದು ಎಂದು ಡಾಕ್ಟರ್ ಗಟ್ಟಿಯಾಗಿಯೇ ಹೇಳಿದರು. ಅದರ ಮೇಲೆ ಚಾಪೆ ಹಾಸಿದೆವು. ಚಾಪೆ ಜಾರುತ್ತಿತ್ತು, ಅದು ಇನ್ನೂ ಅಪಾಯ.

ಒಬ್ಬ ಮೇಸ್ತ್ರಿ ಬಂದು ನೋಡಿ 900 ರೂಪಾಯಿ ಹೇಳಿದರು. ಅಬ್ಬಾಗೆ ಬೇಸರವಾಯಿತು, ನನಗೆ ಆಗಲಿಲ್ಲ. ಒಂದು ಹಾಕಿದರೂ ಐವತ್ತು ಹಾಕಿದರೂ ಅವರು ಸಾಮಾನು ಹೊತ್ತು ಬರಲೇಬೇಕು, ಅರ್ಧ ದಿನ ಹೋಗಲೇಬೇಕು. ಸ್ಥಿರ ವೆಚ್ಚ ಪೂರ್ತಿ ಒಂದೇ ಟೈಲ್ಸಿನ ತಲೆಯ ಮೇಲೆ ಬಿದ್ದರೆ ಹಾಗೇ ಆಗುವುದು. ಆದರೆ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ, ದಾದಿಯ ಮಾತ್ರೆಗಳ ತಿಂಗಳೂ ಅದೇ ಆಗಿತ್ತು. ಮುಂದಿನ ತಿಂಗಳು ನೋಡೋಣ ಎಂದರು.

ಆಗ ಅಮ್ಮಿಗೆ ತಮ್ಮನ ನೆನಪಾಯಿತು. ನನ್ನ ಮಾಮು ಒಂಬತ್ತು ವರ್ಷದಿಂದ ಸೌದಿಯ ದಮ್ಮಾಮಿನಲ್ಲಿ ಟೈಲ್ಸ್ ಕೆಲಸ ಮಾಡುತ್ತಾರೆ. ಶುಕ್ರವಾರ ಅವರಿಗೆ ರಜೆ. ನಾನು ಕಾಲೇಜಿನಿಂದ ಬಂದು ನಾಲ್ಕೂವರೆಗೆ ವಿಡಿಯೋ ಕಾಲ್ ಮಾಡಿದರೆ ಅಲ್ಲಿ ಎರಡು ಗಂಟೆ. "ಬೇಟಿ, ತೂಚ್ ಕರ್ತೀ, ಮೈ ಬೋಲ್ತೌಂ" ಎಂದರು. ನೀನೇ ಮಾಡು, ನಾನು ಹೇಳುತ್ತಾ ಹೋಗುತ್ತೇನೆ ಎಂದು ಅರ್ಥ.

ಮೊದಲು ಟೈಲ್ಸ್ ಹುಡುಕಬೇಕಿತ್ತು. ನಮ್ಮದು ಒಂದಡಿ ಚೌಕದ ಹಳೆಯ ಕೆನೆ ಬಣ್ಣದ್ದು. ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಈಗ ಎರಡಡಿಯವೇ ಹೆಚ್ಚು. ಬಹುತೇಕ ಎಲ್ಲವೂ ಗುಜರಾತಿನ ಮೋರ್ಬಿಯಿಂದ ಬಂದವು. ಡಬ್ಬಿಯ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ, ಅದು ಬೇರೆಯಾದರೆ ಅದೇ ಮಾದರಿಯಲ್ಲೂ ಬಣ್ಣ ಸ್ವಲ್ಪ ಬದಲಾಗುತ್ತದೆ ಎಂದು ಒಬ್ಬ ಅಂಗಡಿಯವರು ತೋರಿಸಿಕೊಟ್ಟರು. ಮನೆ ಕಟ್ಟಿಸುವವರು ನಾಲ್ಕಾರು ಟೈಲ್ಸ್ ಎತ್ತಿಡುವುದು ಇದಕ್ಕೇ. ನಮಗೆ ಸಿಕ್ಕಿದ್ದು ಉಳಿದ ಸರಕಿನಲ್ಲಿದ್ದ ಒಂದೇ ಒಂದು, ತಿಳಿ ಕಂದು ಬಣ್ಣದ್ದು. ಬೀರುವಿನ ಕೆಳಗಿನ ಟೈಲ್ಸ್ ಕಿತ್ತು ಇಲ್ಲಿ ಹಾಕಿ, ಕಂದು ಬಣ್ಣದ್ದನ್ನು ಅಲ್ಲಿ ಹಾಕಿದರಾಗದೇ ಎಂದು ಅಮ್ಮಿ ಕೇಳಿದರು. ಮಾಮು ನಕ್ಕರು. ಗಟ್ಟಿಯಾಗಿ ಕೂತ ಟೈಲ್ಸ್ ಇಡಿಯಾಗಿ ಎದ್ದು ಬರುವುದು ಅಪರೂಪವಂತೆ.

ಕೆಲಸ ಶುರುವಾಯಿತು. ಕನ್ನಡಕ, ಮಾಸ್ಕ್ ಹಾಕದೆ ಸುತ್ತಿಗೆ ಮುಟ್ಟಲು ಅವರು ಬಿಡಲಿಲ್ಲ, ಮೇಲಿನ ಗ್ಲೇಜ್ ಗಾಜಿನಂತೆ ಸಿಡಿಯುತ್ತದೆ. ಮೊದಲು ಸುತ್ತಲಿನ ಸಂದಿಯ ಬಿಳಿ ಸಿಮೆಂಟನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದು ತೆಗೆದೆ. ಇದಕ್ಕೇ ಮುಕ್ಕಾಲು ಗಂಟೆ ಹೋಯಿತು. ಸಂದಿ ಖಾಲಿಯಾಗದಿದ್ದರೆ ಏಟಿನ ಅದುರು ಪಕ್ಕದ ಟೈಲ್ಸಿಗೂ ಹೋಗುತ್ತದೆ. ಆಮೇಲೆ ಉಳಿ, ಸುತ್ತಿಗೆ. "ಬೀಚ್ ಮೆ ಮಾರ್, ಕಿನಾರೆ ಪೋ ನಕ್ಕೋ!" ನಡುವೆ ಹೊಡೆಯಬೇಕು, ಅಂಚಿಗಲ್ಲ. ನಡುವಿನಿಂದ ಹೊರಕ್ಕೆ ಚೂರು ಚೂರಾಗಿ ಬಿಡಿಸುತ್ತಾ ಬಂದೆ. ಫೋನ್ ಹಿಡಿದಿದ್ದ ತಮ್ಮನ ಕೈ ನೋಯುತ್ತಿತ್ತು, ಅವನ ಗೊಣಗಾಟವೇ ನನಗೆ ಹೆಚ್ಚು ಕಷ್ಟ ಕೊಟ್ಟಿದ್ದು.

ಟೈಲ್ಸ್ ಎದ್ದ ಮೇಲೆ ನಿಜವಾದ ಕಾರಣ ಕಂಡಿತು. ಅಡಿಯಲ್ಲಿ ಗಾರೆ ಪೂರ್ತಿ ಇರಲಿಲ್ಲ. ನಡುವೆ ಮಾತ್ರ ಗುಡ್ಡೆ ಹಾಕಿ ಟೈಲ್ಸ್ ಒತ್ತಿದ್ದರು, ಮೂಲೆಗಳೆಲ್ಲ ಪೊಳ್ಳು. ಪೊಳ್ಳಿನ ಮೇಲೆ ಭಾರ ಬಿದ್ದರೆ ಯಾವ ಟೈಲ್ಸೂ ಉಳಿಯದು. ಪಾಪ, ಎರಡು ತಿಂಗಳು ನಾವು ಸಿಲಿಂಡರ್ ತಂದವರನ್ನೇ ಬೈಯುತ್ತಿದ್ದೆವು.

ಮಾಮು ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಮಟ್ಟಕ್ಕೆ. ಹಳೆಯ ಗಾರೆ ಕೆತ್ತಿ, ಧೂಳು ಗುಡಿಸಿ, ಅಂಟು ಹಾಕುವ ಮೊದಲೇ ಟೈಲ್ಸ್ ಇಟ್ಟು ನೋಡಿಸಿದರು. ಅಂಟಿಗೂ ಜಾಗ ಉಳಿಯಬೇಕು. ಒಂದು ನೂಲಿನಷ್ಟು ಎದ್ದರೂ ದಾದಿಯ ಬೆರಳು ಎಡವುತ್ತದೆ ಎಂದು ಮೂರು ಸಲ ಕೆತ್ತಿಸಿದರು. ನಮ್ಮ ಮನೆಮಾತು ಉರ್ದು. ಆದರೆ ಅವರು ಕೆಲಸ ಕಲಿತದ್ದು ಇಲ್ಲಿಯ ಕನ್ನಡದ ಮೇಸ್ತ್ರಿಯ ಕೈಕೆಳಗೆ. ದಮ್ಮಾಮಿನಲ್ಲಿ ಕುಳಿತೂ ಕರಣೆ, ರಸಮಟ್ಟ ಎಂದೇ ಹೇಳುತ್ತಿದ್ದರು. ಅಂಟನ್ನು ಮೂಲೆಯವರೆಗೂ ಹಚ್ಚಿ, ಟೈಲ್ಸ್ ಕೂರಿಸಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದೆ. ಅದರ ಮೇಲೆ ಯಾರೂ ಕಾಲಿಡದಂತೆ ಸ್ಟೂಲ್ ಬೋರಲು ಹಾಕಿದೆವು. ಮರುದಿನ ಸಂಜೆ ಸಂದಿಗೆ ಬಿಳಿ ಸಿಮೆಂಟ್ ತುಂಬಿ ಒದ್ದೆ ಸ್ಪಂಜಿನಿಂದ ಒರೆಸಿದೆ.

ಟೈಲ್ಸ್ 70, ಬಿಡಿಯಾಗಿ ತೂಗಿಸಿಕೊಂಡ ಎರಡು ಕೆಜಿ ಅಂಟು 50, ಬಿಳಿ ಸಿಮೆಂಟ್ 40, ಕನ್ನಡಕ ಮತ್ತು ಮಾಸ್ಕ್ 110. ಒಟ್ಟು 270 ರೂಪಾಯಿ. ಉಳಿ, ಸುತ್ತಿಗೆ ಪಕ್ಕದ ಮನೆಯವು. ದುರಸ್ತಿಯಾದ್ದರಿಂದ ಇದು ರೆವೆನ್ಯೂ ವೆಚ್ಚ, ಬಂಡವಾಳ ವೆಚ್ಚವಲ್ಲ ಎಂದು ಅಬ್ಬಾಗೆ ಹೇಳಿದೆ. ಯಾವುದಾದರೂ ಆಗಲಿ, 270 ತಾನೇ ಎಂದರು. ಬಣ್ಣ ಹೊಂದಲಿಲ್ಲ ಎಂದು ಅಮ್ಮಿ ಇನ್ನೂ ಗೊಣಗುತ್ತಾರೆ. ದಾದಿ ಮಾತ್ರ ಬರಿಗಾಲನ್ನು ಅದರ ಅಂಚಿನ ಮೇಲೆ ಎರಡು ಸಲ ಆಡಿಸಿ, ಏನೂ ಹೇಳದೆ ಬಚ್ಚಲಿಗೆ ಹೋದರು.

ಮಾಮು ಹೇಳಿದಂತೆ ನಾಣ್ಯದಿಂದ ಹಾಲಿನ ಟೈಲ್ಸ್‌ಗಳನ್ನೆಲ್ಲ ತಟ್ಟಿ ನೋಡಿದೆ. ಇನ್ನೂ ಆರು ಪೊಳ್ಳು ಸದ್ದು ಮಾಡುತ್ತವೆ. ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಸಿಲಿಂಡರನ್ನು ಈಗ ಬಾಗಿಲಲ್ಲೇ ಗೋಣಿಚೀಲದ ಮೇಲೆ ಇಳಿಸಿಕೊಳ್ಳುತ್ತೇವೆ. ರಜೆಗೆ ಬಂದಾಗ ಆರನ್ನೂ ತಾವೇ ಸರಿಮಾಡುವುದಾಗಿ ಮಾಮು ಹೇಳುತ್ತಾರೆ. ಅವರ ಸ್ವಂತ ಮನೆಯ ನೆಲ ಇನ್ನೂ ಬರೀ ಸಿಮೆಂಟಿನದು. ಮೊದಲು ನಿನ್ನ ಮನೆಗೆ ಹಾಕು ಎಂದು ಅಮ್ಮಿ ಹಟ ಹಿಡಿದಿದ್ದಾರೆ. ಪ್ರತಿ ಶುಕ್ರವಾರ ಫೋನಿನಲ್ಲಿ ಇದೇ ವಾದ ನಡೆಯುತ್ತಿದೆ.