ಅಟ್ಟದ ಮೇಲಿನ ಕಾಯಿ

ಹುಳಿಯಾರು ದಾಟಿ ಬೋರನಕಣಿವೆ ಮುಟ್ಟುವಾಗ ತೆಂಗಿನ ತೋಟಗಳ ಮೇಲೆ ಇನ್ನೂ ಇಬ್ಬನಿಯಿತ್ತು. ಸುವರ್ಣಮುಖಿಗೆ ಅಡ್ಡ ಕಟ್ಟಿದ ಆ ಹಳೆಯ ಏರಿಯ ಮೇಲೆ ಸೋದರಮಾವ ನನಗಾಗಿ ಕಾದಿದ್ದರು. ತಲೆಗೆ ಸುತ್ತಿದ ಟವೆಲ್ಲಿನಡಿ ಕುದುರೆಲಾಳದಂಥ ಹೊಲಿಗೆ ಗುರುತು. ಮೂರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಅವರ ಮಿದುಳಿನ ಗೆಡ್ಡೆ ತೆಗೆದಿದ್ದರು.

ಮನೆಗೆ ಹೋದವರೇ ನನ್ನನ್ನು ಅಟ್ಟ ಹತ್ತಿಸಿದರು. ಕೊಬ್ಬರಿಗೆಂದು ವರ್ಷದಿಂದ ಕೂಡಿಟ್ಟ ಕಾಯಿ. ಒಂದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು; ನೀರು ಕುಲುಕಿತು. ಇನ್ನೊಂದರೊಳಗೆ ಲೊಟಲೊಟ ಸದ್ದು.

"ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟೈತೆ ಕಣಪ್ಪ. ಡಾಕ್ಟ್ರು ನನ್ನ ತಲೇಲೂ ಹಿಂಗೇ ಆಯ್ತದೆ ಅಂದಿದ್ರು."

ಮೈ ಜುಮ್ಮೆಂದಿತು. ನಿಜ, ಮಿದುಳು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಬುರುಡೆ ತೆರೆದು ದ್ರವ ಸೋರಿತೋ, ಮಿದುಳು ಕುಸಿಯುತ್ತದೆ. ಕೆಲವೊಮ್ಮೆ ಒಂದು ಸೆಂಟಿಮೀಟರಿಗೂ ಹೆಚ್ಚು. ಹಿಂದಿನ ದಿನ ತೆಗೆದ ಎಂಆರ್‌ಐ ಚಿತ್ರ ಅಷ್ಟರಲ್ಲೇ ಹಳತಾಗುತ್ತದೆ. ಗೆಡ್ಡೆಯ ಅಂಚಿನಾಚೆ ಮಾತಿನ ನರಗಳೋ ಕೈಯ ನರಗಳೋ ಇದ್ದರೆ, ಆ ಒಂದು ಸೆಂಟಿಮೀಟರೇ ಮನುಷ್ಯನ ಇಡೀ ಬದುಕು.

ಅದಕ್ಕೇ ಆಪರೇಷನ್ ನಡುವೆಯೇ ಮತ್ತೆ ನೋಡುತ್ತಾರೆ. ಮಾವನಿಗೆ ಬಳಸಿದ್ದು ಅಲ್ಟ್ರಾಸೌಂಡ್. ಬಸುರಿಯ ಹೊಟ್ಟೆಯಲ್ಲಿ ಕೂಸನ್ನು ತೋರಿಸುವ ಅದೇ ವಿದ್ಯೆ, ಮಿದುಳಿನ ಮೈಮೇಲೆ! ಉಳಿದಿದ್ದ ಗೆಡ್ಡೆಯ ಚೂರು ಪರದೆಯಲ್ಲಿ ಬೆಳ್ಳಗೆ ಕಂಡಿತಂತೆ. 1994ರಲ್ಲಿ ಬೋಸ್ಟನ್ನಿನ ವೈದ್ಯರು ಎಂಆರ್‌ಐ ಯಂತ್ರವನ್ನೇ ಆಪರೇಷನ್ ಕೋಣೆಗೆ ತಂದರು. ಎರಡು ಬಳೆಗಳಂಥ ಅಯಸ್ಕಾಂತಗಳ ಸಂದಿಯಲ್ಲಿ ನಿಂತು ಶಸ್ತ್ರಚಿಕಿತ್ಸೆ ಮಾಡಿದರು.

ನನಗೆ ಇನ್ನೂ ಬೆರಗು, ಸ್ಕ್ಯಾನ್ ಎಂಬುದೇ ಇಲ್ಲದ ಕಾಲದ್ದು. ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಪಾರ್ಕಿನ್ಸನ್ ರೋಗಿಗಳ ನಡುಕ ನಿಲ್ಲಿಸಲು ಮಿದುಳಿನಾಳದ ಸಣ್ಣದೊಂದು ತಾಣಕ್ಕೆ ಗುರಿಯಿಡುತ್ತಿದ್ದರು. ಆಗ ದಾರಿ ತೋರಲು ಇದ್ದದ್ದು ಎಕ್ಸ್‌ರೇ ಮಾತ್ರ. ಮೃದುವಾದ ಮಿದುಳು ಅದರಲ್ಲಿ ಕಾಣುವುದೇ ಇಲ್ಲ. ಮಿದುಳಿನ ಕುಹರಗಳಿಗೆ ಗಾಳಿಯನ್ನೋ ಬಣ್ಣದ್ರವವನ್ನೋ ತುಂಬಿ, ಆ ನೆರಳಿನಿಂದ ಜಾಗ ಅಳೆಯುವುದು ಅಂದಿನ ರೀತಿ.

ಅಂಗಳಕ್ಕೆ ಇಳಿದೆವು. ಮಾವ ಮಚ್ಚು ತೆಗೆದುಕೊಂಡರು. ಆಪರೇಷನ್ನಿಗೆ ಮುಂಚೆ ಆ ಬಲಗೈಯಲ್ಲಿ ಕಾಫಿ ಲೋಟ ನಿಲ್ಲುತ್ತಿರಲಿಲ್ಲ. ಸುಲಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತ ಮೆಲ್ಲಗೆ ಏಟು ಹಾಕಿದರು. ಚಿಪ್ಪು ಚೂರುಚೂರಾಗಿ ಉದುರಿತು. ಉಂಡೆ ಕೊಬ್ಬರಿಯ ಮೇಲೆ ಒಂದು ಗೀರೂ ಇರಲಿಲ್ಲ.