ಮೂರು ಗಂಟೆಯ ಹಬ್ಬ

ನಮ್ಮ ಮನೆಯ ಅಡಿಗೆ ಕಪಾಟಿನಲ್ಲಿ ಒಂದು ಹಳೆಯ ಫೋರ್ಕ್ ಇದೆ. ಅದರ ನಾಲ್ಕು ಹಲ್ಲುಗಳಲ್ಲಿ ಒಂದು ತುಸು ಸೊಟ್ಟ. ಅದರಿಂದ ಯಾರಾದರೂ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ನಮ್ಮದು ಕೈಯಲ್ಲೇ ಕಲಸಿ ಉಣ್ಣುವ ಮನೆ. ವರ್ಷದ ಹನ್ನೊಂದು ತಿಂಗಳು ಸುಮ್ಮನೆ ಮಲಗಿರುವ ಅದಕ್ಕೆ ಡಿಸೆಂಬರಿನಲ್ಲಿ ಮಾತ್ರ ಕೆಲಸ. ತೆಂಗಿನ ಹಾಲಿನಲ್ಲಿ ಕಲಸಿದ ಮೈದಾಹಿಟ್ಟಿನ ಪುಟ್ಟ ಉಂಡೆಯನ್ನು ಅದರ ಬೆನ್ನಿಗೆ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿ ಇಳಿಸಿದರೆ ಮೈತುಂಬ ಗೆರೆಗಳಿರುವ ಕಿಡಿಯೊ ಆಗುತ್ತದೆ. ಕೊಂಕಣಿಯಲ್ಲಿ ಕಿಡಿಯೊ ಅಂದರೆ ಹುಳಗಳು. ಹೆಸರು ಕೇಳಿ ಮುಖ ಸಿಂಡರಿಸಬೇಡಿ. ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದ ಆ ಹುಳಗಳನ್ನು ಒಮ್ಮೆ ಬಾಯಿಗೆ ಹಾಕಿದವರು ಡಬ್ಬಿ ಖಾಲಿಯಾಗುವವರೆಗೆ ಬಿಡುವುದಿಲ್ಲ.

ಭಟ್ಕಳ ಪೇಟೆಗೆ ಅಂಟಿಕೊಂಡಂತಿರುವ ಮುಟ್ಟಳ್ಳಿ ನಮ್ಮೂರು. ಗದ್ದೆ, ತೆಂಗು, ಅಂಗಳದ ಬದಿಯಲ್ಲಿ ನಾಲ್ಕು ಮಲ್ಲಿಗೆ ಬುಡ. ಗೋವೆಯಿಂದ ತೆಂಕಣಕ್ಕೆ ವಲಸೆ ಬಂದ ಹಿರಿಯರು ತಮ್ಮ ಜೊತೆಗೆ ಪೋರ್ಚುಗೀಸರ ಕೆಲವು ಮಾತುಗಳನ್ನೂ ಕಟ್ಟಿಕೊಂಡು ಬಂದರು. ಚರ್ಚು ನಮಗೆ ಇಗರ್ಜಿ, ಕ್ರಿಸ್‌ಮಸ್ ನಮಗೆ ನತಾಲ್, ನತಾಲಿನ ತಿಂಡಿಗಳೆಲ್ಲ ಸೇರಿ ಕುಸ್ವಾರ್. ನಾನು ಚಿಕ್ಕವಳಿದ್ದಾಗ, ಅಂದರೆ 1970ರ ದಶಕದಲ್ಲಿ, ಡಿಸೆಂಬರ್ ಬಂತೆಂದರೆ ಮಾಯ್‌ಗೆ (ನಮ್ಮಲ್ಲಿ ಅಮ್ಮನನ್ನು ಹಾಗೆ ಕರೆಯುತ್ತೇವೆ) ಸೆರಗು ಬಿಚ್ಚಲು ಪುರುಸೊತ್ತಿರಲಿಲ್ಲ. ಕಿಡಿಯೊ, ಎಳ್ಳು-ಕೊಬ್ಬರಿ ತುಂಬಿದ ನೆವ್ರಿ, ಚಕ್ಕುಲಿ, ಲಾಡು ಎಲ್ಲವೂ ಮನೆಯಲ್ಲೇ. ಗೋದಲಿಯ ಸುತ್ತ ಹಸಿರು ಗದ್ದೆ ಕಾಣಬೇಕೆಂದು ಎರಡು ವಾರ ಮೊದಲೇ ಹಳೆಯ ಡಬ್ಬಿಗಳಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸುವುದು ನಮ್ಮ ಪಾಲಿನ ಕೆಲಸ. ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುವುದು ಪಾಯ್‌ನ ಕೆಲಸ. ನಡುರಾತ್ರಿಯ ಪೂಜೆಗೆ ಗದ್ದೆಯಂಚಿನಲ್ಲಿ ಸೂಡಿ ಹಿಡಿದು ನಡೆಯುವುದು ಎಲ್ಲರ ಕೆಲಸ. ಆ ಪೂಜೆಗೆ ಪೋರ್ಚುಗೀಸರು ‘ಹುಂಜದ ಪೂಜೆ’ ಎನ್ನುತ್ತಿದ್ದರಂತೆ. ನಾವು ಮಕ್ಕಳು ಮಾತ್ರ ಹುಂಜ ಕೂಗುವುದಕ್ಕೆ ಬಹಳ ಮೊದಲೇ ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದೆವು.

ಮರುದಿನ ಬೆಳಿಗ್ಗೆ ತಟ್ಟೆಗಳ ಮೆರವಣಿಗೆ. ಪಕ್ಕದ ನಾಯ್ಕರ ಮನೆಗೊಂದು, ಆಚೆಯ ನವಾಯತರ ಮನೆಗೊಂದು, ನಮ್ಮ ಶಾಲೆಯ ಮಾಸ್ತರರ ಮನೆಗೊಂದು. ತಟ್ಟೆ ಬರಿದಾಗಿ ಹಿಂದಿರುಗಬಾರದು, ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಚೌತಿಯ ಚಕ್ಕುಲಿ, ಈದಿನ ಸಿಹಿ ನಮ್ಮ ಮನೆಗೆ ಬಂದ ದಾರಿಯೂ ಅದೇ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದೂ ಆ ತಟ್ಟೆಯಲ್ಲಿಯೇ. 2013ರ ನತಾಲ್. ಪಾಯ್ ತೀರಿಕೊಂಡಿದ್ದರು, ತಮ್ಮ ಮಸ್ಕತ್ತಿನಲ್ಲಿದ್ದ, ಮನೆಯಲ್ಲಿ ಮಾಯ್ ಮತ್ತು ನಾನು ಇಬ್ಬರೇ. ಅಂದು ಬೆಳಿಗ್ಗೆ ಮಾಯ್ ನಾಯ್ಕರ ಮನೆಗೆ ಮೂರು ಸಲ ಕುಸ್ವಾರಿನ ತಟ್ಟೆ ಕೊಟ್ಟು ಬಂದಳು. ನಾಯ್ಕರ ಹೆಂಡತಿ ಮೂರು ಸಲವೂ ‘ಬನ್ನಿ ಬಾಯಮ್ಮ’ ಎಂದು ನಗುತ್ತ ತೆಗೆದುಕೊಂಡು, ಮೂರು ಸಲವೂ ಸಕ್ಕರೆ ಹಾಕಿ ಕಳಿಸಿದ್ದರು. ಈ ಸಂಗತಿ ನನಗೆ ಗೊತ್ತಾದದ್ದು ಸಂಜೆ, ನವಾಯತರ ಮನೆಗೆ ತಟ್ಟೆಯೇ ಹೋಗಿಲ್ಲವೆಂದು ತಿಳಿದಾಗ. ನಾನು ನಕ್ಕುಬಿಟ್ಟೆ. ವಯಸ್ಸಾಯಿತು, ಮರೆವು ಅಂದುಕೊಂಡೆ. ಮರುವರ್ಷ ಮಲ್ಲಿಗೆ ಮೊಗ್ಗು ಕೊಯ್ಯಲು ಹೋದವಳು ಬುಟ್ಟಿ ಏತಕ್ಕೆಂದು ತಿಳಿಯದೆ ಅಂಗಳದಲ್ಲಿ ನಿಂತದ್ದನ್ನು ಕಂಡ ಮೇಲೆ ನಗು ಬರಲಿಲ್ಲ.

ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ ಎಂದೇ ಅರ್ಥ. ಭಟ್ಕಳದಿಂದ ಸುಮಾರು 90 ಕಿಲೋಮೀಟರು; ಹೊನ್ನಾವರ, ಕುಮಟೆಯವರಿಗೆ ಇನ್ನೂ ದೂರ. ನಮಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ, ಮತ್ತೆ 2022ರಲ್ಲಿ ಜಿಲ್ಲೆಯ ಜನ ದನಿ ಎತ್ತಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಆ ಸುದ್ದಿ ಓದಿದಾಗ ಅದೇ ದಾರಿಯಲ್ಲಿ ಮಾಯ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದ ದಿನಗಳೆಲ್ಲ ನೆನಪಾದವು.

ಮಣಿಪಾಲದ ವೈದ್ಯರು ಆಲ್ಜೈಮರ್ ಎಂದರು. 1906ರಲ್ಲಿ ಜರ್ಮನಿಯ ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯ ಮೊದಲು ವಿವರಿಸಿದ ಕಾಯಿಲೆ. ಗುಣಪಡಿಸುವ ಮದ್ದಿಲ್ಲ. ಇತ್ತೀಚಿನದು ಮೊದಲು ಅಳಿಸುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ಹೊತ್ತು ಇಳಿದಂತೆ ಗಾಬರಿ ಹೆಚ್ಚುತ್ತದೆ ಎಂದು ತಿಳಿಸಿ ಹೇಳಿದರು. ನಾನು ಶಾಲೆಯ ಮಕ್ಕಳಿಗೆ ಹೇಳಿಕೊಡುವವಳು. ಅಂದು ಕೇಳಿದ ಪಾಠ ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಹೋಗಿದ್ದರೆ 2016ರ ನತಾಲಿನಲ್ಲಿ ನಾನು ಅಷ್ಟು ಹಟ ಮಾಡುತ್ತಿರಲಿಲ್ಲ. ‘ಬೇಕರಿಯಿಂದ ಒಂದು ಪೊಟ್ಟಣ ತರಿಸು, ಸಾಕು’ ಎಂದು ತಮ್ಮ ಫೋನಿನಲ್ಲಿ ಹೇಳಿದ. ನನಗೆ ಸಿಟ್ಟು ಬಂತು. ಮಾಯ್ ನಡೆಸಿಕೊಂಡು ಬಂದದ್ದು ಒಂದೂ ತಪ್ಪಬಾರದು ಎಂದು ಪಟ್ಟು ಹಿಡಿದೆ. ಶಾಲೆ ಮುಗಿಸಿ ಬಂದು ರಾತ್ರಿಯೆಲ್ಲ ಕರಿದೆ. ಮಾಯ್ ಅಡಿಗೆಮನೆಗೆ ಬಂದರೆ ‘ಎಣ್ಣೆ ಕಾದಿದೆ, ಆಚೆ ಹೋಗು’ ಎಂದು ಗದರಿದೆ. ರಾಗಿ ಬಿತ್ತಿದೆ, ನಕ್ಷತ್ರ ಕಟ್ಟಿಸಿದೆ. ಯಾರಿಗಾಗಿ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಅಷ್ಟರಲ್ಲಾಗಲೇ ನಡುರಾತ್ರಿಯ ಪೂಜೆ ಮುಂಚಿನ ಹೊತ್ತಿಗೆ ಬಂದಾಗಿತ್ತು. ಎಂಟು ಗಂಟೆಯ ಪೂಜೆಗೆ ಮಾಯ್‌ನನ್ನು ಒಯ್ದರೆ ಗದ್ದಲಕ್ಕೆ ಗಾಬರಿಯಾದಾಳೆಂದು, ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಜೊತೆಗಿರಿಸಿ ನಾನೊಬ್ಬಳೇ ಹೊರಟೆ. ಪೂಜೆ ಮುಗಿಸಿ ಬಂದರೆ ಬಾಗಿಲು ಹಾರು ಹೊಡೆದಿತ್ತು. ಆ ಹೆಂಗಸು ದಿನವಿಡೀ ದುಡಿದು ದಣಿದವಳು, ಗೋಡೆಗೊರಗಿ ನಿದ್ದೆ ಹೋಗಿದ್ದಳು. ಮಾಯ್ ಇರಲಿಲ್ಲ.

ಬಾವಿಗೆ ಬ್ಯಾಟರಿ ಬಿಟ್ಟು ನೋಡಿದ ಆ ಗಳಿಗೆಯನ್ನು ನಾನು ಬರೆಯಲಾರೆ. ಬಾವಿಯಲ್ಲಿಲ್ಲ ಎಂದಾದ ಮೇಲೆ ನೆನಪಾದದ್ದು ಹೆದ್ದಾರಿ, ಅದರ ಮೇಲೆ ಹಗಲಿರುಳು ಓಡುವ ಲಾರಿಗಳು. ಓಡಲು ತಿರುಗಿದವಳಿಗೆ ಗದ್ದೆಯಂಚಿನಲ್ಲಿ ಒಂದು ಬೆಳಕು ಕಂಡಿತು. ನಾಯ್ಕರ ಹೆಂಡತಿ ಒಂದು ಕೈಯಲ್ಲಿ ಮೊಬೈಲಿನ ದೀಪ, ಇನ್ನೊಂದು ಕೈಯಲ್ಲಿ ಮಾಯ್‌ನ ಕೈ ಹಿಡಿದುಕೊಂಡು ಬರುತ್ತಿದ್ದರು. ಮಾಯ್ ಪೆಟ್ಟಿಗೆಯಲ್ಲಿದ್ದ ರೇಶಿಮೆ ಸೀರೆ ತೆಗೆದು ಉಟ್ಟಿದ್ದಳು, ಅದೂ ತಿರುವುಮುರುವಾಗಿ. ಕೈಯಲ್ಲಿ ಜಪಸರ. ಕಾಲಲ್ಲಿ ಚಪ್ಪಲಿ ಇಲ್ಲ.

‘ಎಲ್ಲಿ ದಾರಿ ತಪ್ಪಿ ಹೋಗಿದ್ದಳು?’ ಎಂದು ಅಳುತ್ತ ಕೇಳಿದೆ.

‘ದಾರಿ ತಪ್ಪಿದ್ದಲ್ಲ ಅಕ್ಕೋರೇ’ ಎಂದರು ಅವರು. ‘ಗಂಟೆ ಹೊಡೆದದ್ದು ಕೇಳಿ ಬಾಯಮ್ಮ ಇಗರ್ಜಿಗೇ ಹೊರಟಿದ್ರು. ಎಲ್ಲರೂ ಹೋದ್ರು, ನನ್ನನ್ನ ಬಿಟ್ಟು ಹೋದ್ರು ಅಂತ ದಾರಿಯುದ್ದಕ್ಕೂ ಹೇಳ್ತಿದ್ರು.’

ಆ ರಾತ್ರಿ ಮಾಯ್‌ನ ಕಾಲಿನ ಕೆಸರು ತೊಳೆಯುತ್ತ ಕುಳಿತೆ. ಡಬ್ಬಿಗಳ ತುಂಬ ಕುಸ್ವಾರ್ ಇತ್ತು. ಗೋದಲಿಯ ಸುತ್ತ ರಾಗಿಯ ಪೈರು ಗೇಣುದ್ದ ಬೆಳೆದಿತ್ತು. ಯಾವುದೂ ತಪ್ಪಿರಲಿಲ್ಲ, ಮಾಯ್ ಒಬ್ಬಳನ್ನು ಬಿಟ್ಟು.

ಮರುವರ್ಷ ನಾನು ಹಬ್ಬವನ್ನೇ ಮಧ್ಯಾಹ್ನ ಮೂರು ಗಂಟೆಗೆ ತಂದೆ. ಹೊತ್ತು ಇಳಿಯುವ ಮೊದಲು, ಮಾಯ್‌ನ ಮನಸ್ಸು ತಿಳಿಯಾಗಿರುವ ಹೊತ್ತಿಗೆ. ಕಾಯಿಲೆಯವರಿರುವ ಮನೆಗಳಿಗೆ ಪಾದ್ರಿಗಳು ಪರಮಪ್ರಸಾದ ತಂದು ಕೊಡುವ ಪದ್ಧತಿ ಮೊದಲಿನಿಂದಲೂ ಇದೆ. ಕೇಳಿದ್ದಕ್ಕೆ ನಮ್ಮಲ್ಲಿಗೂ ಬಂದರು. ಆಗ ಒಂದು ಸೋಜಿಗ ನಡೆಯಿತು. ಪಾದ್ರಿಗಳು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿದಾಗ ಮಾಯ್ ಸುಮ್ಮನಿದ್ದಳು. ಮುಗಿದ ಮೇಲೆ ತನ್ನಷ್ಟಕ್ಕೆ ಲತೀನ್ ಭಾಷೆಯಲ್ಲಿ ಏನೋ ಹೇಳತೊಡಗಿದಳು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ನಂತರ ಪೂಜೆ ಆಯಾ ನಾಡಿನ ಭಾಷೆಗೆ ಬಂತು. ಅದಕ್ಕೂ ಮೊದಲು ಎಲ್ಲ ಲತೀನ್. ನಾನು ಅದನ್ನು ಕೇಳಿ ಬೆಳೆದವಳಲ್ಲ. ನನ್ನ ಹೆಸರು ಮರೆತ ಮಾಯ್ ತನ್ನ ಹುಡುಗಿತನದ ಪ್ರಾರ್ಥನೆಯನ್ನು ಒಂದು ಮಾತೂ ತೊದಲದೆ ಹೇಳಿದಳು. ಎಳೆ ವಯಸ್ಸಿನ ಪಾದ್ರಿಗಳು ಕೈ ಮುಗಿದು ಕೇಳಿಸಿಕೊಂಡರು.

ಅದಕ್ಕೂ ಎರಡು ದಿನ ಮೊದಲು, ಒಂದೇ ಒಂದು ಸೇರು ಹಿಟ್ಟು ಕಲಸಿ ಮಾಯ್‌ನ ಮುಂದಿಟ್ಟು, ಆ ಸೊಟ್ಟ ಫೋರ್ಕನ್ನು ಕೈಗೆ ಕೊಟ್ಟಿದ್ದೆ. ಸ್ವಲ್ಪ ಹೊತ್ತು ತಿರುಗಿಸಿ ನೋಡಿದಳು. ಆಮೇಲೆ ಹೆಬ್ಬೆರಳು ತಾನಾಗಿ ಚಲಿಸಿತು. ಒತ್ತಿತು, ಸುತ್ತಿತು, ಇಳಿಸಿತು. ಒಂದಾದ ಮೇಲೊಂದು, ಎಲ್ಲ ಒಂದೇ ಅಳತೆ. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನಲ್ಲಿ ಬೇರೆಯೇ ಜಾಗದಲ್ಲಿರುತ್ತದೆ, ಹೆಸರು ಮುಖಗಳ ನೆನಪು ಹೋದ ಮೇಲೂ ಬಹಳ ಕಾಲ ಉಳಿಯುತ್ತದೆ ಎಂದು ಮಣಿಪಾಲದವರು ಆಮೇಲೆ ತಿಳಿಸಿದರು. ನಾನು ಹಿಂದಿನ ವರ್ಷ ಅಡಿಗೆಮನೆಯಿಂದ ಓಡಿಸಿದ್ದು ಆ ಕೈಗಳನ್ನೇ. ಪಕ್ಕದಲ್ಲಿ ಕುಳಿತು ನಾನೂ ಸುತ್ತಿದೆ. ನನ್ನದನ್ನು ಎತ್ತಿ ನೋಡಿ, ‘ಇದು ಯಾರು ಮಾಡಿದ್ದು? ಕಲಿಯಬೇಕು ಇನ್ನೂ’ ಎಂದಳು. ವರ್ಷದ ಮೇಲಾಗಿತ್ತು ಅವಳಿಂದ ಬೈಸಿಕೊಂಡು. ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ!

ಹೀಗೆ ನಾಲ್ಕು ನತಾಲ್ ಕಳೆದವು. ಸಕ್ಕರೆ ಕಾಯಿಲೆಯೂ ಇದ್ದುದರಿಂದ ಅವಳ ಪಾಲಿನ ಕಿಡಿಯೊಗೆ ಪಾಕವಿಲ್ಲ. ನೆವ್ರಿ ಬಿಟ್ಟೆವು, ಲಾಡು ಬೇಕರಿಯಿಂದ ಬಂತು. ಕಾಗದದ ನಕ್ಷತ್ರದ ಜಾಗದಲ್ಲಿ ಮಿಣುಕುವ ಪ್ಲಾಸ್ಟಿಕ್ ನಕ್ಷತ್ರ. ಪಕ್ಕದ ಮನೆಗೆ ತಟ್ಟೆ ಕೊಡಲು ಮಾತ್ರ ಮಾಯ್‌ನನ್ನೇ ಕೈಹಿಡಿದು ಕರೆದೊಯ್ಯುತ್ತಿದ್ದೆ. 2020ರಲ್ಲಿ ಕೊರೋನಾ ಬಂದು ಇಗರ್ಜಿಗಳಲ್ಲಿ ಜನ ಸೇರುವುದೇ ಕಷ್ಟವಾದಾಗ, ಎಷ್ಟೋ ಮನೆಗಳಲ್ಲಿ ಫೋನಿನ ಪರದೆಯ ಮುಂದೆ ಕೂತು ಪೂಜೆ ನೋಡಿದರು. ‘ಇದೆಂಥ ಹಬ್ಬ’ ಎಂದು ನೆಂಟರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ, ಆ ವರ್ಷ ಎಲ್ಲರ ಮನೆಯೂ ನಮ್ಮ ಮನೆಯಂತಾಗಿತ್ತು, ಅಷ್ಟೆ.

2021ರ ಮಳೆಗಾಲದಲ್ಲಿ ಮಾಯ್ ಹೋದಳು. ಮನೆಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ.

ಹೋದ ವರ್ಷ ತಮ್ಮ ಹೆಂಡತಿ ಮಗಳೊಂದಿಗೆ ರಜೆಗೆ ಬಂದಿದ್ದ. ರಾತ್ರಿಯ ಪೂಜೆಗೆ ಎಲ್ಲರೂ ಹೋಗುವವರೇ, ಮನೆಯಲ್ಲಿ ಕಾಯಿಲೆಯವರು ಯಾರೂ ಇಲ್ಲ. ಆದರೂ ನಾನು ಮೂರು ಗಂಟೆಗೆ ಗೋದಲಿಯ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರನ್ನೂ ಕರೆದೆ.

‘ಆಂಟಿ, ಈಗಲೇ ಯಾಕೆ? ಕತ್ತಲೆ ಕೂಡ ಆಗಿಲ್ಲ’ ಎಂದಳು ತಮ್ಮನ ಮಗಳು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ: ‘ನಮ್ಮ ಮನೆಯಲ್ಲಿ ಹಾಗೇ. ಮೂರು ಗಂಟೆಗೇ ಹಬ್ಬ.’

ಬೇಕರಿಯ ಪೊಟ್ಟಣ ಸಾಕು ಎಂದಿದ್ದವನು ಇವನೇ ಏನು ಎಂದು ಅವನ ಮುಖ ನೋಡಿದೆ. ಆ ಹುಡುಗಿ ಸೊಟ್ಟ ಫೋರ್ಕು ಹಿಡಿದು ಸುತ್ತಿದ ಕಿಡಿಯೊ ಒಂದು ದಪ್ಪ, ಒಂದು ಸಣ್ಣ. ಎತ್ತಿ ನೋಡಿ, ‘ಇದು ಯಾರು ಮಾಡಿದ್ದು? ಕಲಿಯಬೇಕು ಇನ್ನೂ’ ಎಂದೆ. ತಟ್ಟೆಗೆ ತುಂಬಿ, ನಾಯ್ಕರ ಮನೆಗೆ ಕೊಟ್ಟು ಬಾ ಎಂದು ಅವಳನ್ನೇ ಕಳಿಸಿದೆ. ತಟ್ಟೆ ಸಕ್ಕರೆ ಹಾಕಿಸಿಕೊಂಡು ಹಿಂದಿರುಗಿತು.